ಗುಡ್ಡ ದಾಟಿ ಕೆರೆಗೆ ನಡೆಯುವವರು ಮೊದಲು ನಕ್ಷೆ ಅಳೆಯಿರಿ

ಗುಡ್ಡದ ಬುಡದಿಂದ ಹೊರಟು, ನೆತ್ತಿ ದಾಟಿ, ಆಚೆ ಕಣಿವೆಯ ಕೆರೆಗೆ ಇಳಿಯುವ ಕಾಲುದಾರಿಯಲ್ಲಿ ನಡೆದು ಬಂದೆವು. ಇದೇ ದಾರಿ ಹಿಡಿಯುವವರು ಎಲ್ಲಕ್ಕಿಂತ ಮೊದಲು ಕೇಳುವುದು ‘ಎಷ್ಟು ದೂರ?’ ಅಂತ. ಅದನ್ನು ಹೊರಡುವ ಮುಂಚೆ ನೀವೇ ಅಳೆದುಕೊಳ್ಳಬಹುದು.

ನಮ್ಮ ಕೈಯಲ್ಲಿದ್ದದ್ದು 1:50,000 ನಕ್ಷೆ. ಅದರ 1 ಸೆಂ.ಮೀ. ಅಂದರೆ ನೆಲದ ಮೇಲೆ 50,000 ಸೆಂ.ಮೀ., ಅಂದರೆ 500 ಮೀಟರ್. 1:25,000 ಸಿಕ್ಕರೆ ಅದನ್ನೇ ತಗೊಳ್ಳಿ, ತಿರುವುಗಳು ಇನ್ನೂ ಚೆನ್ನಾಗಿ ಕಾಣುತ್ತವೆ.

ಬುಡದಿಂದ ಕೆರೆಗೆ ಸ್ಕೇಲ್ ಇಟ್ಟರೆ 12 ಸೆಂ.ಮೀ., ಅಂದರೆ 6 ಕಿ.ಮೀ. ಆದರೆ ಕಾಲುದಾರಿ ನೆಟ್ಟಗೆ ಹೋಗುವುದಿಲ್ಲ, ಅಲ್ವಾ? ಅದಕ್ಕೆ ಎಳೆದರೆ ಹಿಗ್ಗದ ದಾರ ಬೇಕು. ತುದಿಯನ್ನು ಹೊರಡುವ ಜಾಗದಲ್ಲಿ ಉಗುರಿನಿಂದ ಒತ್ತಿ ಹಿಡಿಯಿರಿ. ಒಂದೊಂದೇ ತಿರುವಿಗೆ ದಾರವನ್ನು ಬಾಗಿಸುತ್ತಾ, ಬೆರಳು ಸರಿಸುತ್ತಾ ಹೋಗಿ. ಕೆರೆ ಮುಟ್ಟಿದ ಕಡೆ ಪೆನ್ನಿನಿಂದ ಗುರುತು ಹಾಕಿ ದಾರವನ್ನು ನೇರ ಮಾಡಿ. ನಮಗೆ ಬಂದದ್ದು 18 ಸೆಂ.ಮೀ. ಆರು ಕಿಲೋಮೀಟರ್ ಅನ್ನಿಸಿದ್ದು ನಿಜವಾಗಿ ಒಂಬತ್ತು!

ಆ ದಾರವನ್ನು ನಕ್ಷೆಯ ಕೆಳಗೆ ಅಚ್ಚಾಗಿರುವ, ಕಿಲೋಮೀಟರ್ ಗುರುತುಗಳಿರುವ ಸ್ಕೇಲ್ ಪಟ್ಟಿಯ ಮೇಲೇ ಇಟ್ಟು ಅಳೆಯುವುದು ಒಳ್ಳೆಯದು. ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿದರೆ 1 ಸೆಂ.ಮೀ. ಸುಮಾರು 350 ಮೀಟರ್‌ಗೆ ಇಳಿಯುತ್ತದೆ, ಆದರೂ ಅಚ್ಚಾದ 1:50,000 ಹಾಗೇ ಇರುತ್ತದೆ. ಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಹಿಗ್ಗುತ್ತದೆ.

ಏರು ಇದ್ದರೆ ದೂರ ತುಂಬಾ ಹೆಚ್ಚುತ್ತದೆ ಅಂತ ಹೆದರಬೇಡಿ. 20 ಡಿಗ್ರಿ ಏರಿನಲ್ಲೂ ಕಿಲೋಮೀಟರ್‌ಗೆ ಹೆಚ್ಚುವುದು 64 ಮೀಟರ್ ಅಷ್ಟೇ. ಹೆಚ್ಚುವುದು ಹೊತ್ತು. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕವನ್ನು ಈಗ ಹೀಗೆ ಹೇಳುತ್ತಾರೆ: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ನಕ್ಷೆಯಲ್ಲಿ ಕಾಂಟೂರ್ ಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, 20 ಮೀಟರ್ ಎತ್ತರಕ್ಕೊಂದು. ನೆತ್ತಿಯವರೆಗೆ 30 ಗೆರೆ, ಅಂದರೆ 600 ಮೀಟರ್. ಒಟ್ಟು 2 ಗಂಟೆ 48 ನಿಮಿಷ. ಇದು ಎಲ್ಲೂ ನಿಲ್ಲದೆ ನಡೆದರೆ. ಬೆನ್ನಿಗೆ ಚೀಲ, ನಡುವೆ ವಿಶ್ರಾಂತಿ ಸೇರಿ ನಮಗೆ ಹತ್ತಿರ ಹತ್ತಿರ ನಾಲ್ಕು ಗಂಟೆ ಹಿಡಿಯಿತು. ನೀವೂ ಅಷ್ಟೇ ಇಟ್ಟುಕೊಳ್ಳಿ.

ವಾಪಸ್ ಬರುವಾಗ ಕೆರೆ ಕಡೆಯಿಂದಲೂ ಹತ್ತಬೇಕು. ಆ ಗೆರೆಗಳನ್ನು ಬೇರೆಯಾಗಿ ಎಣಿಸಿ. ಅಲ್ಲಿ 22 ಇವೆ, 440 ಮೀಟರ್ ಏರು. ಕತ್ತಲಾಗುವುದಕ್ಕೆ ನಾಲ್ಕು ಗಂಟೆ ಮುಂಚೆಯೇ ಕೆರೆ ಬಿಡಿ.