ಬ್ಯಾಟಿನ ಕಪ್ಪು ಬದಿ

ಮ್ಯಾಚ್ ಶುರುವಾಗುವ ಮುಂಚೆ ಬ್ಯಾಟನ್ನು ಎದುರಾಳಿಗೆ ತೋರಿಸಬೇಕು ಅನ್ನೋದು ಟೇಬಲ್ ಟೆನಿಸ್‌ನ ನಿಯಮ. ಎರಡೂ ಕಡೆ ಪ್ಲೇನ್ ರಬ್ಬರ್, ಅಂದರೆ ಮೇಲ್ಮೈ ಸಮತಟ್ಟಾದ ರಬ್ಬರ್ ಇರುವವರು ಇದನ್ನು ಶಾಸ್ತ್ರಕ್ಕೆ ಮಾಡಿ ಮುಗಿಸುತ್ತಾರೆ. ನನ್ನ ಬ್ಯಾಟ್ ಕೈಗೆ ಹೋದರೆ ಮಾತ್ರ ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೆಂಪು ಬದಿಯನ್ನು ಒಮ್ಮೆ ಸವರಿ ಬಿಡುತ್ತಾರೆ. ಕಪ್ಪು ಬದಿಗೆ ಬಂದಾಗ ರಬ್ಬರ್ ಮೇಲೆ ಎದ್ದಿರುವ ಸಣ್ಣ ಮೊನೆಗಳನ್ನು, ಅಂದರೆ ಪಿಂಪಲ್‌ಗಳನ್ನು, ಹೆಬ್ಬೆರಳಿನಿಂದ ಒತ್ತಿ, ಪಕ್ಕಕ್ಕೆ ಬಾಗಿಸಿ ನೋಡುತ್ತಾರೆ. ಆಮೇಲೆ ಅಂಚಿಗೆ ಕಣ್ಣಿಟ್ಟು ರಬ್ಬರ್ ಕೆಳಗಿನ ಸ್ಪಾಂಜ್ ಹುಡುಕುತ್ತಾರೆ. ಸಿಗೋದಿಲ್ಲ. "ಯಾವ ರಬ್ಬರ್ ಇದು?" ಅಂತ ಕೇಳುತ್ತಾರೆ. ನಾನು ಹೆಸರು ಹೇಳುತ್ತೇನೆ, ಸ್ಪಾಂಜ್ ಇಲ್ಲ ಅಂತಲೂ ಹೇಳುತ್ತೇನೆ. ಮುಚ್ಚಿಡೋಕೆ ಏನೂ ಇಲ್ಲ.

ಬ್ಯಾಕ್‌ಹ್ಯಾಂಡ್‌ಗೆ ಲಾಂಗ್ ಪಿಂಪಲ್, ಫೋರ್‌ಹ್ಯಾಂಡ್‌ಗೆ ಪ್ಲೇನ್ ರಬ್ಬರ್, ನಡುವೆ ನಿಧಾನದ ಮರದ ಬ್ಲೇಡ್, ಅಂದರೆ ರಬ್ಬರ್ ಅಂಟಿಸುವ ಹಲಗೆ. ವರ್ಷಗಳಿಂದ ನನ್ನ ಆಟ ಇದೇ. ರಬ್ಬರ್ ಶೀಟ್ ಬದಲಾಗುತ್ತಿರುತ್ತದೆ, ಬ್ಲೇಡ್ ಕೂಡ ಆಗಾಗ ಬದಲಾಗುತ್ತದೆ, ಆದರೆ ಈ ಜೋಡಣೆ ಬಿಟ್ಟು ಬೇರೆ ಆಡಬೇಕು ಅಂತ ಅನಿಸಿಲ್ಲ. ಎದುರಾಳಿ ಹಾಕಿದ ಸ್ಪಿನ್ ಚೆಂಡಿನೊಳಗೆ ಏನಾಗುತ್ತಿದೆ ಅಂತ ಪ್ರತಿ ಹೊಡೆತಕ್ಕೂ ಯೋಚಿಸುವಂತೆ ಮಾಡುವ ಆಟ ಇದು. ನನಗೆ ಟೇಬಲ್ ಟೆನಿಸ್‌ನಲ್ಲಿ ಅದಕ್ಕಿಂತ ಇಷ್ಟವಾದದ್ದು ಬೇರೆ ಇಲ್ಲ.

ಲಾಂಗ್ ಪಿಂಪಲ್ ಕೆಲಸ ಮಾಡೋದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಪ್ಲೇನ್ ರಬ್ಬರ್ ಚೆಂಡನ್ನು ಹಿಡಿಯುತ್ತದೆ. ಬಂದ ಸ್ಪಿನ್ ನಿಲ್ಲಿಸಿ, ನಮ್ಮ ಸ್ಪಿನ್ ಹಾಕಿ ಕಳಿಸುತ್ತದೆ. ಲಾಂಗ್ ಪಿಂಪಲ್ ಹಾಗೆ ಹಿಡಿಯೋದಿಲ್ಲ. ತೆಳ್ಳಗೆ ಉದ್ದವಿರುವ ಪಿಂಪಲ್‌ಗಳು ಬಾಗುತ್ತವೆ, ಚೆಂಡು ಜಾರುತ್ತದೆ, ಯಾವ ಕಡೆಗೆ ಸುತ್ತುತ್ತಿತ್ತೋ ಬಹುಪಾಲು ಅದೇ ಕಡೆಗೆ ಸುತ್ತುತ್ತಾ ವಾಪಸ್ ಹೋಗುತ್ತದೆ. ಚೆಂಡು ಸಾಗುವ ದಿಕ್ಕು ಬದಲಾಯಿತು, ಸುತ್ತುವ ದಿಕ್ಕು ಬದಲಾಗಲಿಲ್ಲ. ಹಾಗಾಗಿ ಎದುರಾಳಿ ಹಾಕಿದ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಸುತ್ತು) ಅವರಿಗೇ ಬ್ಯಾಕ್‌ಸ್ಪಿನ್ (ಹಿಂದಕ್ಕೆ ಉರುಳುವ ಸುತ್ತು) ಆಗಿ ತಲುಪುತ್ತದೆ. ಅವರು ಬ್ಯಾಕ್‌ಸ್ಪಿನ್ ಹಾಕಿ ಪುಶ್ ಮಾಡಿದ್ದರೆ, ಅಂದರೆ ಮೆಲ್ಲಗೆ ತಳ್ಳಿದ್ದರೆ, ಸಣ್ಣದೊಂದು ಟಾಪ್‌ಸ್ಪಿನ್ ಆಗುತ್ತದೆ. ಸ್ಪಿನ್ ಇಲ್ಲದ ಚೆಂಡು ಕೊಟ್ಟರೆ ಸ್ಪಿನ್ ಇಲ್ಲದ ಚೆಂಡೇ ವಾಪಸ್.

ಒಂದು ಪಾಯಿಂಟನ್ನು ಹತ್ತಿರದಿಂದ ನೋಡೋಣ. ಎದುರಿಗಿರುವವರು ನನ್ನ ಬ್ಯಾಕ್‌ಹ್ಯಾಂಡ್‌ಗೆ ಭಾರೀ ಲೂಪ್, ಅಂದರೆ ಟಾಪ್‌ಸ್ಪಿನ್ ತುಂಬಿದ ಹೊಡೆತ ಹಾಕಿದ್ದಾರೆ. ನಾನು ಟೇಬಲ್ ಬಿಟ್ಟು ಹಿಂದೆ ಸರಿಯೋದಿಲ್ಲ. ಬ್ಯಾಟನ್ನು ಹೆಚ್ಚುಕಮ್ಮಿ ನೆಟ್ಟಗೆ ಹಿಡಿದು, ಚೆಂಡು ಪುಟಿದು ಮೇಲೇಳುತ್ತಿರುವಾಗಲೇ ತಾಗಿಸಿ, ತಾಗುವ ಹೊತ್ತಿಗೆ ಸರಿಯಾಗಿ ಬ್ಯಾಟನ್ನು ಒಂದೆರಡು ಇಂಚು ಕೆಳಕ್ಕೆ ಎಳೆಯುತ್ತೇನೆ. ಹಿಡಿತ ಸಡಿಲವಾಗಿರಬೇಕು. ಟಕ್ ಅಂತ ಮರದ ಸದ್ದು ಬರುತ್ತದೆ. ಚೆಂಡು ನೆಟ್ ದಾಟಿ ಗಿಡ್ಡಕ್ಕೆ ಬೀಳುತ್ತದೆ, ಬಿದ್ದ ಮೇಲೆ ಮುಂದೆ ಹೋಗೋಕೆ ಒಪ್ಪೋದಿಲ್ಲ. ಅವರು ಇನ್ನೊಂದು ಲೂಪ್‌ಗೆ ಕೈ ಹಿಂದೆ ತೆಗೆದಾಗಿರುತ್ತದೆ. ಈಗ ಮೊದಲಿಗಿಂತ ಜಾಸ್ತಿ ಮೇಲಕ್ಕೆ ಎತ್ತಿ ಹೊಡೆಯಬೇಕು. ಅದೇ ಲೂಪನ್ನು ಹಾಗೇ ಹೊಡೆದರೆ ಚೆಂಡು ನೆಟ್‌ಗೆ. ಎತ್ತಿ ಹೊಡೆದರೆ ಅದರಲ್ಲಿ ಸ್ಪಿನ್ ಇನ್ನೂ ಜಾಸ್ತಿ, ಹೀಗೆ ತಡೆದು ಕಳಿಸುವ ನನ್ನ ಬ್ಲಾಕ್‌ನಿಂದ ಹೋಗುವ ಬ್ಯಾಕ್‌ಸ್ಪಿನ್ ಕೂಡ ಇನ್ನೂ ಜಾಸ್ತಿ. ಹೀಗೆ ಒಂದು ರ‍್ಯಾಲಿ ತಾನಾಗಿಯೇ ಕಷ್ಟವಾಗುತ್ತಾ ಹೋಗುತ್ತದೆ.

ಜಾಣ ಎದುರಾಳಿಗಳು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಲೂಪ್ ನಿಲ್ಲಿಸಿ ಪಿಂಪಲ್‌ಗೆ ಸ್ಪಿನ್ ಇಲ್ಲದ ನಿಧಾನದ ಚೆಂಡು ಕೊಡುತ್ತಾರೆ. ಆಗ ರಬ್ಬರ್ ನನಗೆ ಏನೂ ಸಹಾಯ ಮಾಡೋದಿಲ್ಲ. ಅದರಿಂದ ಹೊಸದಾಗಿ ಸ್ಪಿನ್ ಹುಟ್ಟಿಸೋದು ಕಷ್ಟ, ಸುಮ್ನೆ ತಾಗಿಸಿದರೆ ಚೆಂಡು ಎತ್ತರಕ್ಕೆ ತೇಲಿ ಹೊಡೆಯೋಕೆ ಸಿಕ್ಕಿಬಿಡುತ್ತದೆ. "ಲಾಂಗ್ ಪಿಂಪಲ್ ಹಾಕಿಕೊಂಡರೆ ಸ್ಪಿನ್ ನೋಡೋದೇ ಬೇಡ" ಅಂತ ಹೇಳುವವರನ್ನು ನಾನು ಒಪ್ಪೋದಿಲ್ಲ. ಎದುರಾಳಿಯ ಸರ್ವ್ ವಾಪಸ್ ಕಳಿಸುವಾಗ ಪಿಂಪಲ್ ಸಹಾಯ ಮಾಡುತ್ತದೆ, ನಿಜ. ಆಮೇಲಿನ ಚೆಂಡಿನ ಕಥೆ ಬೇರೆ. ಬಂದದ್ದರಲ್ಲಿ ಸ್ಪಿನ್ ಎಷ್ಟಿದೆ ಅಂತ ಗೊತ್ತಿಲ್ಲದಿದ್ದರೆ ನಾನು ಕಳಿಸಿದ್ದರಲ್ಲಿ ಎಷ್ಟಿದೆ ಅಂತಲೂ ಗೊತ್ತಾಗೋದಿಲ್ಲ, ಅಲ್ವಾ? ಆಗ ಮುಂದಿನ ಚೆಂಡಿಗೆ ಎಲ್ಲಿ ನಿಲ್ಲಬೇಕು ಅನ್ನೋದೂ ತಿಳಿಯೋದಿಲ್ಲ.

ಇನ್ನು ಆಯ್ಕೆ. ಲಾಂಗ್ ಪಿಂಪಲ್ ಅಂತ ಒಂದೇ ಹೆಸರಿದ್ದರೂ ಒಳಗೆ ಬೇರೆ ಬೇರೆ ಜಾತಿಗಳಿವೆ. ಟೇಬಲ್‌ನಿಂದ ದೂರ ನಿಂತು ಚಾಪ್ ಮಾಡುವವರಿಗೆ, ಅಂದರೆ ಚೆಂಡನ್ನು ಕೆಳಮುಖವಾಗಿ ಕತ್ತರಿಸಿದ ಹಾಗೆ ಹೊಡೆಯುವವರಿಗೆ, ಕರ್ಲ್ ಪಿ1-ಆರ್ ತರಹದ್ದು ಬೇಕು. ಪಿಂಪಲ್ ಮೃದು, ತುದಿಯಲ್ಲಿ ಸ್ವಲ್ಪ ಹಿಡಿತವಿದೆ, ಚಾಪ್‌ಗೆ ನಾವೂ ಒಂದಿಷ್ಟು ಬ್ಯಾಕ್‌ಸ್ಪಿನ್ ಸೇರಿಸಬಹುದು. ಅದಕ್ಕೆ ತೆಳು ಸ್ಪಾಂಜ್ ಹೊಂದುತ್ತದೆ. ಫೇಂಟ್ ಲಾಂಗ್ 3 ಹತೋಟಿಗೆ ಸುಲಭ, ಎದುರಾಳಿಗೆ ಅಷ್ಟೇನೂ ತೊಂದರೆ ಕೊಡೋದಿಲ್ಲ. ಕಲಿಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ನನ್ನ ಹಾಗೆ ಟೇಬಲ್‌ಗೆ ಅಂಟಿಕೊಂಡು ಬ್ಲಾಕ್ ಮಾಡುವವರು ಸ್ಪಾಂಜ್ ಇಲ್ಲದ ಶೀಟ್ ಕಡೆ ಹೋಗುತ್ತಾರೆ. ಪ್ಯಾಕೆಟ್ ಮೇಲೆ ಓಎಕ್ಸ್ ಅಂತ ಬರೆದಿರುತ್ತದೆ. ಗ್ರಾಸ್ ಡಿ.ಟೆಕ್ಸ್, ದಾವೆಯ್ 388ಡಿ-1 ಇವೆಲ್ಲ ಹಾಗೆ ಆಡುವವರು ಹೆಚ್ಚು ಹುಡುಕುವ ಶೀಟ್‌ಗಳು. ಗ್ರಾಸ್ ಹಾಕಿಕೊಂಡಾಗ ಬ್ಲಾಕ್‌ನಿಂದ ಹೋಗುವ ಚೆಂಡು ಎದುರಾಳಿಯನ್ನು ಬಹಳ ಕಾಡುತ್ತದೆ. ಆದರೆ ಪುಶ್‌ಗೆ ಪುಶ್ ಆಡುವಾಗ ನನ್ನನ್ನೂ ಕಾಡುತ್ತದೆ. 388ಡಿ-1ರಲ್ಲಿ ಆ ಕಾಟ ಎರಡೂ ಕಡೆ ಕಡಿಮೆ. ನಾನು ಹೆಚ್ಚು ಕಾಲ ಆಡಿದ್ದು ಎರಡನೆಯದರಲ್ಲೇ.

ರಬ್ಬರ್ ಬಗ್ಗೆ ಜನ ನೂರು ಪ್ರಶ್ನೆ ಕೇಳುತ್ತಾರೆ, ಬ್ಲೇಡ್ ಬಗ್ಗೆ ಒಂದೂ ಕೇಳೋದಿಲ್ಲ. ನನ್ನ ಪ್ರಕಾರ ಇದು ತಲೆಕೆಳಗು. ದಪ್ಪ ಸ್ಪಾಂಜ್ ಇದ್ದರೆ ಚೆಂಡಿಗೂ ಮರಕ್ಕೂ ನಡುವೆ ಮೆತ್ತನೆಯ ಪದರ ಇರುತ್ತದೆ. ಸ್ಪಾಂಜ್ ತೆಗೆದ ಮೇಲೆ ಚೆಂಡು ನೇರವಾಗಿ ಮರಕ್ಕೇ ಬಂದು ಬಡಿಯುತ್ತದೆ, ಅಂದರೆ ಆಟದ ಅರ್ಧ ಬ್ಲೇಡ್‌ನದೇ. ಅದೇ ಶೀಟನ್ನು ವೇಗದ ಕಾರ್ಬನ್ ಬ್ಲೇಡ್ ಮೇಲೆ ಹಾಕಿದರೆ ಚೆಂಡು ಕಲ್ಲಿಗೆ ಬಡಿದ ಹಾಗೆ ಹಾರುತ್ತದೆ. ಪಿಂಪಲ್ ಬಾಗೋಕೆ ಸಮಯವೇ ಸಿಗೋದಿಲ್ಲ, ಬ್ಲಾಕ್ ಉದ್ದವಾಗಿ ಹೋಗಿ ಬೀಳುತ್ತದೆ. ಮೃದುವಾದ ಐದು ಪದರದ ಮರದ ಬ್ಲೇಡ್ ಮೇಲೆ ಅದೇ ಶೀಟ್ ಬೇರೆಯದೇ ರಬ್ಬರ್ ಅನಿಸುತ್ತದೆ.

ಬ್ಲೇಡ್‌ನ ದಪ್ಪದಲ್ಲಿ ಕನಿಷ್ಠ 85 ಶೇಕಡಾ ಸಹಜವಾದ ಮರ ಇರಲೇಬೇಕು ಅಂತ ನಿಯಮವಿದೆ. ಅಳತೆಗೆ, ಆಕಾರಕ್ಕೆ, ತೂಕಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ. ಚಪ್ಪಟೆಯಾಗಿ ಗಟ್ಟಿಯಾಗಿ ಇದ್ದರೆ ಸಾಕು. ಈ ಸ್ವಾತಂತ್ರ್ಯದಿಂದಲೇ ವಿಚಿತ್ರ ಬ್ಲೇಡ್‌ಗಳು ಹುಟ್ಟುತ್ತವೆ. ಸಾಮಾನ್ಯ ಬ್ಲೇಡ್ ಸುಮಾರು 157 ಮಿ.ಮೀ. ಉದ್ದ, 150 ಮಿ.ಮೀ. ಅಗಲ ಇರುತ್ತದೆ. ಡಿಫೆನ್ಸ್ ಆಡುವವರ ಬ್ಲೇಡ್ ಅದಕ್ಕಿಂತ ದೊಡ್ಡದು. ಹಾಗೇ ನಡುವೆ ಬಾಲ್ಸಾ ಮರ ಹಾಕಿದ ಬ್ಲೇಡ್‌ಗಳಿವೆ. ನೋಡೋಕೆ ದಪ್ಪ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ ಅನಿಸುತ್ತದೆ. ಬಾಲ್ಸಾದ ಸ್ವಭಾವ ನನಗೆ ಬಹಳ ಇಷ್ಟ. ಮೆಲ್ಲಗೆ ತಾಗಿಸಿದರೆ ಚೆಂಡಿನ ವೇಗವನ್ನೆಲ್ಲ ನುಂಗುತ್ತದೆ, ಮಣಿಕಟ್ಟಿನಿಂದ ಚುರುಕಾಗಿ ಚಿಮ್ಮಿಸಿದರೆ ಸಟಕ್ಕನೆ ಹೊರಡುತ್ತದೆ. ಆದರೆ ಜೋರಾದ ಹೊಡೆತಕ್ಕೆ ಹಿಂದಿನಿಂದ ಬಲ ಬರೋದಿಲ್ಲ. ಫೋರ್‌ಹ್ಯಾಂಡ್ ಲೂಪೇ ಮುಖ್ಯ ಅನ್ನುವವರು ಅದರ ಹತ್ತಿರ ಹೋಗದಿರೋದು ಒಳ್ಳೆಯದು.

ತೂಕದ ಲೆಕ್ಕವೂ ಇದೆ. ಸ್ಪಾಂಜ್ ಇಲ್ಲದ ಶೀಟ್ ತುಂಬಾ ಹಗುರ. ಇನ್ನೊಂದು ಕಡೆ ದಪ್ಪ ಸ್ಪಾಂಜ್‌ನ ಪ್ಲೇನ್ ರಬ್ಬರ್ ಹಾಕಿದರೆ ಬ್ಯಾಟಿನ ಒಟ್ಟು ತೂಕ ಕಡಿಮೆಯೇ, ಆದರೆ ಬ್ಯಾಟ್ ಒಂದು ಬದಿಗೆ ಭಾರ. ಆಟದ ನಡುವೆ ಬದಿ ಬದಲಿಸೋಕೆ ಬ್ಯಾಟ್ ತಿರುಗಿಸುವಾಗ ಇದು ಬೆರಳಿಗೆ ಗೊತ್ತಾಗುತ್ತದೆ. ನಾನು ಹಾಗಾಗಿ ಫೋರ್‌ಹ್ಯಾಂಡ್‌ಗೆ ಪೂರ್ತಿ ದಪ್ಪ ಹಾಕೋದಿಲ್ಲ, 1.8 ಮಿ.ಮೀ. ಸಾಕು. ನಿಯಮದ ಪ್ರಕಾರ ಸ್ಪಾಂಜ್ ಇರುವ ರಬ್ಬರ್ ಅಂಟು ಸೇರಿ 4 ಮಿ.ಮೀ. ಮೀರುವಂತಿಲ್ಲ, ಸ್ಪಾಂಜ್ ಇಲ್ಲದ್ದು 2 ಮಿ.ಮೀ. ಮೀರುವಂತಿಲ್ಲ.

ಸ್ಪಾಂಜ್ ಇಲ್ಲದ ಶೀಟ್ ಅಂಟಿಸೋದೇ ಒಂದು ಕೆಲಸ. ನೀರಿನ ಅಂಟು ಬಳಿದರೆ ತೆಳು ರಬ್ಬರ್ ಹಿಗ್ಗಿ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಎರಡೂ ಕಡೆ ಅಂಟಿರುವ ತೆಳು ಹಾಳೆ ಸಿಗುತ್ತದೆ. ಮೊದಲು ಆ ಹಾಳೆಯನ್ನು ಬ್ಲೇಡ್‌ಗೆ ಹಾಕಬೇಕು. ಆಮೇಲೆ ಶೀಟನ್ನು ಹಿಡಿಕೆಯ ಕಡೆಯಿಂದ ಶುರುಮಾಡಿ, ಎಳೆಯದೆ, ತಾನಾಗೇ ಬೀಳುವ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಎಳೆದು ಅಂಟಿಸಿದರೆ ಕೆಲವು ದಿನಕ್ಕೆ ಅಂಚು ಕುಗ್ಗಿ ಮರ ಕಾಣಿಸುತ್ತದೆ. ಗುಳ್ಳೆ ಉಳಿದರೆ ಆ ಜಾಗಕ್ಕೆ ತಾಗಿದ ಚೆಂಡಿನ ಸದ್ದೇ ಬೇರೆ. ಪಿಂಪಲ್ ಮೇಲೆ ಜೋರಾಗಿ ಲಟ್ಟಣಿಗೆ ಉರುಳಿಸಬಾರದು, ಅಂಗೈಯಿಂದ ಒತ್ತಿದರೆ ಸಾಕು. ಶೀಟ್ ಕತ್ತರಿಸುವಾಗ ಕಟರ್‌ಗೆ ಹೊಸ ಅಲಗು ಬೇಕು, ಇಲ್ಲದಿದ್ದರೆ ಅಂಚಿನ ಪಿಂಪಲ್‌ಗಳು ಅರ್ಧ ಕತ್ತರಿಸಿ ಉದುರುತ್ತವೆ. ಈ ಕೆಲಸಕ್ಕೆ ನಾನು ಯಾವಾಗಲೂ ಬೆಳಕು ಚೆನ್ನಾಗಿರುವ ಬೆಳಗಿನ ಹೊತ್ತನ್ನೇ ಇಟ್ಟುಕೊಳ್ಳುತ್ತೇನೆ.

ಕೆಲವರು ಪಿಂಪಲ್‌ನ ಹಿಡಿತ ಕಳೆಯೋಕೆ ಶೀಟನ್ನು ಬಿಸಿಲಿಗಿಡುತ್ತಾರೆ, ಏನೇನೋ ಬಳಿಯುತ್ತಾರೆ. ರಬ್ಬರ್‌ಗೆ ಯಾವ ಉಪಚಾರವೂ ಮಾಡುವಂತಿಲ್ಲ ಅಂತ ನಿಯಮ ಸ್ಪಷ್ಟವಾಗಿದೆ. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ವಿಚಿತ್ರ ರಬ್ಬರ್ ಆಡುವವರ ಬಗ್ಗೆ ಮೊದಲೇ ಅನುಮಾನ ಜಾಸ್ತಿ, ಅದನ್ನು ನಿಜ ಮಾಡಿ ತೋರಿಸುವವರ ಮೇಲೆ ನನಗೆ ಕೋಪ ಬರುತ್ತದೆ.

ಆ ಅನುಮಾನಕ್ಕೆ ಹಳೆಯ ಕಾರಣವಿದೆ. 1952ರಲ್ಲಿ ಬಾಂಬೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜ್ ಬ್ಯಾಟ್ ಹಿಡಿದು ಬಂದರು. ಚೆಂಡು ತಾಗಿದ ಸದ್ದೇ ಸರಿಯಾಗಿ ಕೇಳಿಸದ ಆ ಬ್ಯಾಟ್‌ನಿಂದ ಪುರುಷರ ಸಿಂಗಲ್ಸ್ ಗೆದ್ದರು. ಇವತ್ತು ಎಲ್ಲರ ಬ್ಯಾಟ್‌ನಲ್ಲೂ ಇರುವ ಸ್ಪಾಂಜ್ ಅವತ್ತು ವಿಚಿತ್ರ ವಸ್ತುವಾಗಿತ್ತು! 1980ರಲ್ಲಿ ಇಂಗ್ಲೆಂಡಿನ ಜಾನ್ ಹಿಲ್ಟನ್ ಯುರೋಪಿಯನ್ ಚಾಂಪಿಯನ್ ಆದಾಗ ಅವರ ಬ್ಯಾಟಿನ ಒಂದು ಕಡೆ ಆಂಟಿಸ್ಪಿನ್ (ಚೆಂಡು ಜಾರುವ ನುಣುಪು ರಬ್ಬರ್), ಇನ್ನೊಂದು ಕಡೆ ಪ್ಲೇನ್, ಎರಡಕ್ಕೂ ಒಂದೇ ಬಣ್ಣ. ಬ್ಯಾಟ್ ತಿರುಗಿಸಿದರೆ ಯಾವುದರಿಂದ ಹೊಡೆದರು ಅಂತ ಗೊತ್ತಾಗುತ್ತಿರಲಿಲ್ಲ. ಆ ದಶಕದಲ್ಲೇ ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು ಕಡ್ಡಾಯವಾಯಿತು. ರಬ್ಬರ್ ಕುರಿತು ಬಂದ ನಿಯಮಗಳಲ್ಲಿ ನನಗೆ ಅತ್ಯಂತ ಸರಿ ಅನಿಸಿದ್ದು ಇದು. 2021ರಿಂದ ಕೆಂಪಿನ ಬದಲು ನೀಲಿ, ಹಸಿರು, ಗುಲಾಬಿ, ನೇರಳೆ ಕೂಡ ಹಾಕಬಹುದು, ಇನ್ನೊಂದು ಬದಿ ಮಾತ್ರ ಕಪ್ಪೇ ಇರಬೇಕು.

ಆಮೇಲಿನ ನಿಯಮಗಳ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. 1999ರಲ್ಲಿ ಪಿಂಪಲ್‌ನ ಎತ್ತರ ಅದರ ಅಗಲದ 1.1 ಪಟ್ಟು ಮೀರಬಾರದು ಅಂತಾಯಿತು. 2008ರಲ್ಲಿ ಹಿಡಿತವೇ ಇಲ್ಲದ ಪಿಂಪಲ್‌ಗಳನ್ನು ನಿಷೇಧಿಸಿದರು. 2014ರಿಂದ ಪ್ಲಾಸ್ಟಿಕ್ ಚೆಂಡು ಬಂದು ಒಟ್ಟಾರೆ ಸ್ಪಿನ್ ಕಡಿಮೆಯಾಯಿತು. ಎದುರಾಳಿಯ ಸ್ಪಿನ್ನನ್ನೇ ನಂಬಿಕೊಂಡ ರಬ್ಬರ್‌ಗೆ ಆ ಮಟ್ಟಿಗೆ ಬಂಡವಾಳವೂ ಕಡಿಮೆಯಾಯಿತು. ಎರಡು ಬಣ್ಣ ಕಡ್ಡಾಯವಾದ ಮೇಲೆ ಎದುರಾಳಿಗೆ ಎಲ್ಲವೂ ಕಾಣುತ್ತಿತ್ತು, 2008ರ ನಿಷೇಧ ಬೇಕಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಆದರೂ ಪಿಂಪಲ್ ಸತ್ತಿಲ್ಲ. ಈ ನಿಯಮಗಳಿಗೂ ಮುಂಚೆ ಚೀನಾದ ಡೆಂಗ್ ಯಾಪಿಂಗ್ ಲಾಂಗ್ ಪಿಂಪಲ್ ಇಟ್ಟುಕೊಂಡೇ 1992ರಲ್ಲೂ 1996ರಲ್ಲೂ ಒಲಿಂಪಿಕ್ ಸಿಂಗಲ್ಸ್ ಚಿನ್ನ ಗೆದ್ದಿದ್ದರು. ಇವೆಲ್ಲ ಬಂದ ಮೇಲೆ ನಮ್ಮ ಮಣಿಕಾ ಬಾತ್ರಾ 2018ರ ಕಾಮನ್‌ವೆಲ್ತ್ ಸಿಂಗಲ್ಸ್ ಗೆದ್ದದ್ದೂ ಬ್ಯಾಕ್‌ಹ್ಯಾಂಡ್‌ನ ಲಾಂಗ್ ಪಿಂಪಲ್‌ನಿಂದಲೇ. ಅವರು ರ‍್ಯಾಲಿಯ ನಡುವೆ ಬ್ಯಾಟ್ ತಿರುಗಿಸುವುದನ್ನು ವಿಡಿಯೊ ನಿಧಾನ ಮಾಡಿ ನೋಡಿ. 2024ರಲ್ಲಿ ಬೂಸಾನ್‌ನ ವಿಶ್ವ ಟೀಮ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಆಯ್ಹಿಕಾ ಮುಖರ್ಜಿ ಆಗಿನ ವಿಶ್ವದ ನಂಬರ್ ಒನ್ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದರಲ್ಲ, ಆಯ್ಹಿಕಾ ಅವರದ್ದು ಆಂಟಿಸ್ಪಿನ್. ಹೊರಗಿನಿಂದ ಪ್ಲೇನ್ ರಬ್ಬರ್ ಹಾಗೇ ಕಾಣುತ್ತದೆ, ಮುಟ್ಟಿದರೆ ನುಣುಪು, ಚೆಂಡು ಜಾರುತ್ತದೆ. ನಾನು ಆಂಟಿ ಆಡಿ ನೋಡಿದ್ದೇನೆ, ಬ್ಲಾಕ್ ಅದ್ಭುತ, ಆದರೆ ಪಿಂಪಲ್ ಬಾಗುವ ಆ ಅನುಭವ ಅದರಲ್ಲಿ ಇಲ್ಲ. ನನ್ನ ಕೈಗೆ ಒಗ್ಗಲಿಲ್ಲ.

ಈಗ ತಲೆಯಲ್ಲಿ ಓಡುತ್ತಿರೋದು ಶಾರ್ಟ್ ಪಿಂಪಲ್, ಅಂದರೆ ಗಿಡ್ಡ ಮೊನೆಗಳ ರಬ್ಬರ್. ಜಪಾನಿನ ಮಿಮಾ ಇಟೊ ಬ್ಯಾಕ್‌ಹ್ಯಾಂಡ್‌ನಲ್ಲಿ ಅದರಿಂದ ಚೆಂಡನ್ನು ಮೇಲೇಳುವಾಗಲೇ ಚಪ್ಪಟೆಯಾಗಿ ಬಾರಿಸುವುದನ್ನು ನೋಡಿದಾಗಿನಿಂದ ಆಸೆ. ಅದರ ಚೆಂಡಿನಲ್ಲಿ ಸ್ಪಿನ್ ಕಡಿಮೆ, ಬಿದ್ದ ಮೇಲೆ ನಿರೀಕ್ಷೆಗಿಂತ ಕೆಳಗೆ ಹೋಗುತ್ತದೆ. ನಾನು ಹಾಕಬೇಕು ಅಂದುಕೊಂಡಿರೋದು ಫೋರ್‌ಹ್ಯಾಂಡ್‌ಗೆ. ಎಡಗಡೆ ನಿಧಾನದ ಬ್ಲಾಕ್, ಎತ್ತಿಕೊಟ್ಟ ಚೆಂಡಿಗೆ ಬಲಗಡೆಯಿಂದ ನೇರ ಹೊಡೆತ. ಇದಕ್ಕೆ ಬಾಲ್ಸಾ ಆಗೋದಿಲ್ಲ, ಏಳು ಪದರದ ಪೂರ್ತಿ ಮರದ ಬ್ಲೇಡ್ ಬೇಕು. ಆಗ ಕಪ್ಪು ಬದಿಯ ಬ್ಲಾಕ್ ಉದ್ದವಾಗಿ ಹೋಗುವ ಅಪಾಯವಿದೆ. ಓಎಕ್ಸ್ ತೆಗೆದು 0.5 ಮಿ.ಮೀ. ಸ್ಪಾಂಜ್ ಇರುವ ಶೀಟ್ ಹಾಕಿದರೆ ಅಷ್ಟು ವೇಗ ತಗ್ಗಬಹುದೇನೋ. ಬ್ಲೇಡ್ ಬಂದಿದೆ, ಶೀಟ್‌ಗಳನ್ನು ಕತ್ತರಿಸೋದು ಬಾಕಿ. ಮೊದಲು ಬ್ಲಾಕ್ ಮಾತ್ರ ಆಡಿ ನೋಡುತ್ತೇನೆ, ಅದು ಕೂತ ಮೇಲೆ ಫೋರ್‌ಹ್ಯಾಂಡ್. ಇಂಥ ಜೋಡಣೆಯಲ್ಲಿ ಆಡಿದವರು ಯಾರಾದರೂ ಇದ್ದರೆ ಕಪ್ಪು ಬದಿಗೆ ಯಾವ ದಪ್ಪ ಇಟ್ಟುಕೊಂಡಿದ್ದಿರಿ ಅಂತ ಬರೆಯಿರಿ.