ಹಕ್ಕುಪತ್ರ ಯಾವಾಗ ಶಾನುಭೋಗ್ರೇ?

ಗೃಹಲಕ್ಷ್ಮಿ ಆಗುವ ಮಾತಲ್ಲ ಅಂತ 2023ರಲ್ಲಿ ನಾಡಕಚೇರಿಯಲ್ಲಿ ದೊಡ್ಡದಾಗಿ ಹೇಳಿದವನು ಗ್ರಾಮ ಲೆಕ್ಕಿಗನಾದ (ವಿಎ, ಊರವರ ಬಾಯಲ್ಲಿ ಶಾನುಭೋಗ) ನಾನೇ. ಮೇನಲ್ಲಿ ಸರ್ಕಾರ ಬಂತು, ಜುಲೈನಲ್ಲಿ ಅರ್ಜಿ ಶುರುವಾಯ್ತು, ಆಗಸ್ಟ್ ಕೊನೆಗೆ ಹೆಂಗಸರ ಖಾತೆಗೆ 2,000 ರೂಪಾಯಿ ಬೀಳತೊಡಗಿತು. ನಮ್ಮ ಆಪರೇಟರ್ ಹುಡುಗಿ ಈಗಲೂ ಚಹಾ ತರಿಸುವಾಗ "ಸಾರ್ ಲೆಕ್ಕಕ್ಕೆ ಬರ್ಕೊಳಿ" ಅನ್ನುತ್ತಾಳೆ. ಆಮೇಲೆ ಕಂತು ತಡವಾಗಿದ್ದು ಬೇರೆ ಕತೆ.

ಇನ್ನೊಂದು ಭರವಸೆ ಇದೆ. ಶರಾವತಿ ಮುಳುಗಡೆಯವರಿಗೆ, ಅಂದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಊರು ಕಳೆದುಕೊಂಡವರಿಗೆ, ಈಗಿರುವ ಜಮೀನಿನ ಹಕ್ಕುಪತ್ರ. ಪಕ್ಷ ಯಾವುದೇ ಇರಲಿ, ಸಾಗರ, ಹೊಸನಗರದ ಕಡೆ ಇದನ್ನು ಹೇಳದೆ ಭಾಷಣ ಮುಗಿಯಲ್ಲ. ಆ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಲೆಕ್ಕ ಹಾಕಿಕೊಳ್ಳಿ.

ನನ್ನ ವೃತ್ತದ ಒಂದು ಹಿನ್ನೀರಿನ ಊರಲ್ಲಿ ಸಭೆ ಇತ್ತು. ಮುಖಂಡರು ಜೋಶ್‌ನಲ್ಲಿದ್ದರು. "ಮೂರೇ ತಿಂಗಳು, ಎಲ್ಲರಿಗೂ ಹಕ್ಕುಪತ್ರ. ನಮ್ಮ ವಿಎ ಇಲ್ಲೇ ಇದ್ದಾರೆ, ಕೇಳಿ ಬೇಕಾದ್ರೆ" ಅಂತ ಮೈಕ್ ನನ್ನ ಕಡೆ ತಳ್ಳಿದರು. ಒಬ್ಬರು ಅಜ್ಜಿ ಪ್ಲಾಸ್ಟಿಕ್ ಕೊಟ್ಟೆ ಬಿಚ್ಚಿಕೊಂಡು ಮುಂದೆ ಬಂದರು. ಒಳಗೆ ಬಗರ್ ಹುಕುಂ ಅರ್ಜಿಗಳು, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಅಂತ ಕೊಡುವವು: ಫಾರಂ 50, 53, 57, ಮೂರರ ಸ್ವೀಕೃತಿಯೂ ಇತ್ತು. ಮೊದಲನೆಯದು ಮಡಿಕೆಯಲ್ಲೇ ಹರಿದು ನಾಲ್ಕು ಚೂರಾಗಿತ್ತು.

"ಶಾನುಭೋಗ್ರೇ, ನಂದು ಈ ಸಲನಾದ್ರೂ ಆಗ್ತದಾ?"

ಉತ್ತರ ನನಗೆ ಗೊತ್ತಿತ್ತು. ಆದರೂ ಮೊಬೈಲಲ್ಲಿ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದೆ, ಒಂದು ನಿಮಿಷ ಸಿಗಲಿ ಅಂತ. ನೆಟ್‌ವರ್ಕ್ ಇಲ್ಲ. ಚಕ್ರ ತಿರುಗುತ್ತಲೇ ಇತ್ತು. ಸಭೆ ಪೂರ್ತಿ ನನ್ನ ಮೊಬೈಲನ್ನೇ ನೋಡುತ್ತಿತ್ತು. ಹಿಂದಿನ ಸಾಲಲ್ಲಿ ಫಾರೆಸ್ಟ್ ಗಾರ್ಡ್ ತಲೆ ತಗ್ಗಿಸಿಕೊಂಡು ಕೂತಿದ್ದ, ನನ್ನ ಕಣ್ಣು ತಪ್ಪಿಸೋಕೆ. ಕೊನೆಗೆ ಹೇಳಿಬಿಟ್ಟೆ: "ಅಮ್ಮಾ, ಪಹಣಿಯ 9ನೇ ಕಾಲಂನಲ್ಲಿ, ಮಾಲೀಕರ ಹೆಸರಿರೋ ಕಡೆ, ಅರಣ್ಯ ಅಂತಿದೆ. ಇದು ಬಗರ್ ಹುಕುಂನಲ್ಲಿ ಬರಲ್ಲ. ದಿಲ್ಲಿಯಿಂದ ಒಪ್ಪಿಗೆ ಆಗ್ಬೇಕು."

ಮೈಕ್ ವಾಪಸ್ ಹೋಯ್ತು. ನಾನು ಬೈಕ್ ಹತ್ತುವ ಮೊದಲೇ ನಮ್ಮ ಮೇಲಧಿಕಾರಿ ಸಾಹೇಬರ ಫೋನ್. "ಕಾನೂನು ಹೇಳು ಅಂತ ನಿಂಗ್ಯಾರಯ್ಯ ಹೇಳಿದ್ದು? ಪರಿಶೀಲನೆಯಲ್ಲಿದೆ ಅನ್ನೋಕೆ ಏನಾಗಿತ್ತು?" ಇವತ್ತಿಗೂ ಉರಿಯೋದು ಆ ಮಾತೇ.

ದುಡ್ಡು ಮತ್ತು ಒಂದು ಆದೇಶದಲ್ಲಿ ಮುಗಿಯುವ ಕೆಲಸವನ್ನು ಪಕ್ಷಗಳು ಮಾಡುತ್ತವೆ, ಮನಸ್ಸಿದ್ದರೆ ಬೇಗಲೇ ಮಾಡುತ್ತವೆ. ಇದೇ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತಡವಾದರೂ 2025ರಲ್ಲಿ ಓಡಾಟಕ್ಕೆ ಸಿಕ್ಕಿತು. ಕಾಡಿನ ಜಮೀನು ಹಾಗಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರವನ್ನು ಕೇಳದೆ ರಾಜ್ಯ ಡಿನೋಟಿಫೈ ಮಾಡುವಂತಿಲ್ಲ, ಅಂದರೆ ಜಮೀನನ್ನು ಅರಣ್ಯದ ಪಟ್ಟಿಯಿಂದ ತೆಗೆಯುವಂತಿಲ್ಲ. ಹಾಗೆ ಮಾಡಿದ್ದನ್ನು 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಾದರೂ ಆಗುತ್ತಾ ಅಂದರೆ, ಬುಡಕಟ್ಟಿನವರಲ್ಲದವರು 2005ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೊಡಬೇಕು. 1930ರಲ್ಲಿ ಈ ಅಜ್ಜಿಯ ಮನೆಯವರು ಈ ಕಾಡಲ್ಲಲ್ಲ, ಈಗ ನೀರಡಿ ಇರುವ ಊರಲ್ಲಿ ಗದ್ದೆ ಮಾಡಿಕೊಂಡಿದ್ದರು!

ಹಾಗಂತ ಭೂ ಸುಧಾರಣೆ ಅನ್ನೋದೇ ಸುಳ್ಳು ಅಂತ ನಾನು ಹೇಳಲ್ಲ. ಗೇಣಿದಾರರು ಹೋರಾಡಿದ ಕಾಗೋಡು ಸತ್ಯಾಗ್ರಹ ಆಗಿದ್ದು ಇದೇ ಸಾಗರದಲ್ಲಿ, 1951ರಲ್ಲಿ. ದೇವರಾಜ ಅರಸು ಕಾಲದ ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಲ್ಲಿ ಗೇಣಿದಾರರಿಗೆ ಜಮೀನು ನಿಜವಾಗಿ ಸಿಕ್ಕಿತು. ಆಗ ಫಾರಂ 7 ಕೊಟ್ಟರೆ ತಾಲ್ಲೂಕಿನ ಭೂ ನ್ಯಾಯಮಂಡಳಿಯೇ ತೀರ್ಮಾನ ಮಾಡುತ್ತಿತ್ತು. ವಕೀಲರನ್ನು ಒಳಗೇ ಬಿಟ್ಟಿರಲಿಲ್ಲ. ಜಮೀನು ಕೊಡುವ ಅಧಿಕಾರ ಭರವಸೆ ಕೊಟ್ಟವರ ಕೈಯಲ್ಲೇ ಇತ್ತು, ಅದಕ್ಕೇ ಆಯ್ತು. ಈಗ ಪ್ರಣಾಳಿಕೆ ಬರೆಯುವವರು ಸಹಿ ಯಾರದ್ದು ಅಂತ ಬರೆಯುವುದೇ ಇಲ್ಲ.

ಈಗ ಮತ್ತೆ ಅರಣ್ಯ ಇಲಾಖೆಯವರ ಜೊತೆ ನಾವು ಕಂದಾಯದವರು ಜಂಟಿ ಸರ್ವೆ ಮಾಡಬೇಕು ಅಂತ ಆದೇಶ ಬಂದಿದೆ. ಅವರ ನಕಾಶೆ ಒಂದು, ನಮ್ಮದು ಇನ್ನೊಂದು, ಗಡಿಕಲ್ಲು ಎರಡರಲ್ಲೂ ಇಲ್ಲ. ಶುಕ್ರವಾರದೊಳಗೆ ಪ್ರಗತಿ ವರದಿ ಬೇಕಂತೆ. ಎಕ್ಸೆಲ್‌ನಲ್ಲಿ ಇರೋದು ಎರಡೇ ಕಾಲಂ, ವಿಲೇವಾರಿ ಮತ್ತು ಬಾಕಿ. ಅಜ್ಜಿಯ ಅರ್ಜಿ ತಿರಸ್ಕಾರ ಆದರೂ ಹೋಗೋದು ವಿಲೇವಾರಿ ಕಾಲಂಗೇ. ಮುಂದಿನ ಸಭೆಯಲ್ಲಿ ವೇದಿಕೆಯಿಂದ ಓದೋದೂ ಅದೇ ಅಂಕಿ.