ಎತ್ತರ ಬೇಡ, ಕುಣಿತ ಹೋದರೆ ಸಾಕು

ಗದಗಿನಿಂದ ಕಪ್ಪತಗುಡ್ಡದ ಕಡೆಗೆ ಎಂಟು ವರ್ಷ ಓಡಾಡಿದ ನಮ್ಮ ಎಸ್‌ಯುವಿಯ ಹಿಂಬದಿಯ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಜಿನುಗತೊಡಗಿತ್ತು. ಬಂಪರನ್ನು ಒಮ್ಮೆ ಒತ್ತಿಬಿಟ್ಟರೆ ಗಾಡಿ ಮೂರ್ನಾಲ್ಕು ಸಲ ಕುಣಿಯುತ್ತಿತ್ತು. ಮುಂದಿನ ಗಾಲಿಗಳನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳೂ ಬಿರುಕು ಬಿಟ್ಟಿದ್ದವು.

ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಮಿಸ್ತ್ರಿ, "ಹೆಂಗೂ ಬಿಚ್ಚಾಕತ್ತೀವಲ್ರೀ ಸರ್, ಎರಡು ಇಂಚು ಎತ್ತರ ಮಾಡಿಬಿಡೂಣು, ಭಾಳ ಚೊಲೊ ಕಾಣತೈತಿ" ಎಂದರು. ಚೊಲೊ ಕಾಣುವುದೇನೋ ನಿಜ. ಆದರೆ ಗಾಡಿ ಎತ್ತರವಾದಷ್ಟೂ ಅದರ ಗುರುತ್ವ ಕೇಂದ್ರ ಮೇಲೇರಿ ತಿರುವಿನಲ್ಲಿ ವಾಲಾಟ ಹೆಚ್ಚುತ್ತದೆ, ಮುಂದಿನ ಗಾಲಿಗಳನ್ನು ತಿರುಗಿಸುವ ಡ್ರೈವ್ ಶಾಫ್ಟ್‌ಗಳ ಕೋನ ಬದಲಾಗಿ ಅವುಗಳ ತುದಿಯ ಸಿವಿ ಜಾಯಿಂಟ್ ಎಂಬ ಕೀಲುಗಳು ಬೇಗ ಸವೆಯುತ್ತವೆ, ಮೇಲಾಗಿ ಎಪ್ಪತ್ತು ದಾಟಿದ ನಮ್ಮ ಅವ್ವ ಹತ್ತುವಾಗ ಈಗಲೇ ಬಾಗಿಲ ಹಿಡಿಯನ್ನು ಜಗ್ಗುತ್ತಾರೆ. ಆದ್ದರಿಂದ ಮೂಲ ಎತ್ತರದ ಸ್ಪ್ರಿಂಗ್‌ಗಳನ್ನೇ ಉಳಿಸಿಕೊಂಡು, ನಾಲ್ಕೂ ಶಾಕ್‌ಗಳನ್ನು ಗ್ಯಾಸ್ ತುಂಬಿದವುಗಳಿಗೆ ಬದಲಿಸಿ, ಬುಷ್‌ಗಳನ್ನು ಹೊಸದಾಗಿ ಹಾಕಿಸಿದೆ.

ಮಿಸ್ತ್ರಿಯ ಕೈಚಳಕವನ್ನು ಮೆಚ್ಚಿದ್ದು ಕೊನೆಯಲ್ಲಿ. ಜ್ಯಾಕಿನ ಮೇಲೆ ಗಾಲಿಗಳು ಜೋತಾಡುತ್ತಿರುವಾಗ ಬುಷ್ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ ಎಂದು ಹೇಳಿ, ಅವರು ಗಾಡಿಯ ಭಾರವೆಲ್ಲ ಗಾಲಿಗಳ ಮೇಲೆ ಬಂದ ನಂತರವೇ ಕೆಳಗೆ ನುಸುಳಿ ಬಿಗಿದರು. ಗಾಲಿಗಳ ಅಲೈನ್‌ಮೆಂಟ್ ಮುಗಿಸಿ ಸಂಜೆ ಅಣ್ಣಿಗೇರಿ ದಾಟುವಾಗ, ಇಷ್ಟು ದಿನ ರಸ್ತೆಯನ್ನು ಬೈದದ್ದರಲ್ಲಿ ಅರ್ಧ ಪಾಲು ನನ್ನ ಗಾಡಿಗೇ ಸಲ್ಲಬೇಕಿತ್ತೇನೋ ಅನ್ನಿಸಿತು.